ಅವ್ವನ ಹತ್ತಿ ಬೀಜ

ಬನ್ನಂಜೆಯ ಅಂಗಡಿಯಲ್ಲಿ ಬೀಜ ಬಿಡಿಸದ ಹತ್ತಿ ಮುಟ್ಟಿದೊಡನೆ ಅವ್ವ ನೆನಪಾದಳು.

ಕಟ್ಟಡದ ಕೆಲಸಕ್ಕೆಂದು ನಾವು ಮಣಿಪಾಲಕ್ಕೆ ಬಂದಾಗ ಅವ್ವ ತವರಿನ ಹತ್ತಿ ಬೀಜ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು. ಬಯಲುಸೀಮೆಯ ನಮ್ಮೂರಿನ ರೂಢಿಯಂತೆ ಮೊದಲ ಮಳೆಗೇ ಅರ್ಧ ಬೀಜ ಊರಿದಳು. ಗಿಡ ಬೆಳೆಯಿತು, ಆದರೆ ಬಿಡದ ಮಳೆಗೆ ಕಾಯಿ ಒಡೆಯುವ ಮೊದಲೇ ಕೊಳೆಯಿತು. ಅವ್ವ ಅಂದು ಉಣ್ಣಲಿಲ್ಲ.

ಮೀನು ಮಾರಲು ಬರುತ್ತಿದ್ದ ಗಿರಿಜಕ್ಕ ಹೇಳಿದರು: "ಮಳೆಗಾಲದಲ್ಲಿ ನಾವು ಮೀನು ಒಣಗಿಸುವುದುಂಟಾ? ಕಾಯಿ ಒಡೆಯುವಾಗ ಬಿಸಿಲು ಬೇಕಲ್ವಾ? ಚೌತಿ ಕಳೆದ ಮೇಲೆ ಹಾಕಿ ನೋಡಿ."

ಮರುವರ್ಷ ಅವ್ವ ಹಾಗೇ ಮಾಡಿದಳು. ಬೇಸಿಗೆಯಲ್ಲಿ ಕಾಯಿ ಬಿರಿಯತೊಡಗಿದಾಗ ನಾನು ಕೀಳಲು ಹೋದೆ.

"ತಡಿ, ಪೂರಾ ಅರಳಲಿ. ಅವಸರ ಮಾಡಿದ್ರ ಬೀಜ ಜೊಳ್ಳಾಗ್ತಾವ," ಎಂದಳು.

ಆ ಬೀಜಗಳು ಚೆನ್ನಾಗಿ ಮೊಳೆತವು. ಅವ್ವ ಒಂದು ಹಿಡಿ ಗಿರಿಜಕ್ಕನಿಗೂ ಕೊಟ್ಟಳು.

ಅವ್ವ ಈಗಿಲ್ಲ. ಕಾಪುವಿನಲ್ಲಿ ಗಿರಿಜಕ್ಕನ ಅಂಗಳದಲ್ಲಿ ಇಂದಿಗೂ ಹತ್ತಿ ಅರಳುತ್ತದೆ. ಹೋದಾಗಲೆಲ್ಲ ಅರಳಿದ ಹತ್ತಿಯೊಂದನ್ನು ನನ್ನ ಕೈಗಿಟ್ಟು, "ನಿನ್ನ ಅಮ್ಮನದ್ದು" ಎನ್ನುತ್ತಾರೆ.