ಒಂದೇ ಉಂಡೆ

ಡೆಟ್ರಾಯಿಟ್ ಬಳಿಯ ನಮ್ಮ ಕಾರ್ಖಾನೆಯ ಮುಖ್ಯ ಇಂಜಿನಿಯರ್ ಮೇಡಂ ಮೈಸೂರಿನವರು. ಯಾವ ಭಾಗ ಕೈಗೆ ಸಿಕ್ಕರೂ ತೆಂಗಿನಕಾಯಿಯಂತೆ ಬೆರಳಿನಿಂದ ತಟ್ಟಿ, ಕಿವಿಗೊಟ್ಟು, "ನೋಡೋಣ, ಏನ್ ಹೇಳತ್ತೆ" ಅನ್ನುತ್ತಿದ್ದರು.

ಒಮ್ಮೆ ಟ್ರಕ್ಕಿಗೆ ಹತ್ತಲು ನಾವು ಮಾಡಿದ ಫೈಬರ್ ಮೆಟ್ಟಿಲುಗಳೆಲ್ಲ ನಡುವೆ ಬಿರುಕುಬಿಟ್ಟವು. ಆರ್ಡರ್ ರದ್ದುಮಾಡುವ ಸಿಟ್ಟಿನಲ್ಲಿ ಗ್ರಾಹಕರೊಬ್ಬರು ಬಂದು ನಿಂತರು. ಗಟ್ಟಿಯಾಗಲು ಗಾಜಿನೆಳೆ ಜಾಸ್ತಿ ಹಾಕೋಣ ಎಂದೆ ನಾನು. ಮೇಡಂ ಮೆಟ್ಟಿಲು ತಟ್ಟಿ ನೋಡಿ, ಪ್ರೆಸ್ಸಿನ ಹತ್ತಿರ ಹೋದರು. ಕತ್ತರಿಸಿದ ಗಾಜಿನೆಳೆ ಬೆರೆತ, ಮೆತ್ತಗಿನ ರಾಳದ ಹಾಳೆಗಳನ್ನು ನಾವು ಬಿಸಿ ಅಚ್ಚಿನ ಎರಡು ತುದಿಗಳಲ್ಲಿ ಇಟ್ಟು ಒತ್ತುತ್ತಿದ್ದೆವು.

"ಎರಡು ಉಂಡೆ ಇಟ್ಟು ಒಂದು ಅಕ್ಕಿರೊಟ್ಟಿ ತಟ್ಟಿದ್ರೆ ಎಲ್ಲಿ ಹರಿಯತ್ತೆ?"

"ಸೇರೋ ಕಡೆ, ಮೇಡಂ."

"ಮತ್ತೆ? ಎಲ್ಲಾನೂ ಒಟ್ಟಿಗೆ ಮಧ್ಯಕ್ಕೆ ಇಡ್ಸಿ. ಅಂಚಿನ ತನಕ ಅದೇ ಹೋಗತ್ತೆ."

ಹೊಸ ಮೆಟ್ಟಿಲು ಆರಿದ ಮೇಲೆ ಅದರ ಎರಡು ತುದಿಗಳಿಗೂ ಮರದ ದಿಮ್ಮಿ ಕೊಟ್ಟು ನೆಲದ ಮೇಲಿಡಿಸಿದರು. ಟೆಸ್ಟ್ ಮಾಡದೆ ಹೇಗೆ ನಂಬಲಿ ಎಂದು ಗ್ರಾಹಕರು ಗೊಣಗಿದರು. ಮೇಡಂ, ಹಳೆಯವೆಲ್ಲ ಬಿರಿದಿದ್ದ ನಟ್ಟನಡುವೆಯೇ ಹತ್ತಿ ನಿಂತು, ಅವರಿಗೂ ಕೈನೀಡಿ ಇಂಗ್ಲಿಷಿನಲ್ಲಿ ಕರೆದರು: "ಬನ್ನಿ, ಏನು ಹೇಳುತ್ತದೆ ಕೇಳೋಣ."

ಧಡೂತಿ ಆಸಾಮಿ ಹತ್ತಿದರು. ಮೆಟ್ಟಿಲು ಚಕಾರ ಎತ್ತಲಿಲ್ಲ.