ತೌನೊನ ತೋಟ ಮತ್ತು ಗುಲಾಬಿ ಹಿಡಿಕೆ

ಐಲಾ ಹೌತಾಲಾ ಕೃತಕ ಹಲ್ಲು ಕಟ್ಟುವವಳು. ಔಲು ಪಟ್ಟಣದ ಎಷ್ಟೋ ಹಿರಿಯರು ಬೆಳಗಿನ ರೈ ಧಾನ್ಯದ ಗಟ್ಟಿ ರೊಟ್ಟಿಯನ್ನು ಅಗಿಯುತ್ತಿದ್ದುದು ಅವಳು ಕಟ್ಟಿಕೊಟ್ಟ ಹಲ್ಲುಗಳಿಂದ. ಇಪ್ಪತ್ತೆಂಟು ವರ್ಷ ಅದೇ ಮೇಜು, ಅದೇ ದೀಪ, ಅದೇ ಎತ್ತರಿಸಿದ ಕುರ್ಚಿ. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಬಾಯಿ ಒಪ್ಪದು ಎಂಬುದನ್ನು ಅವಳ ಬೆರಳುಗಳು ಚೆನ್ನಾಗಿ ಅರಿತಿದ್ದವು.

ಶನಿವಾರ ಬೆಳಿಗ್ಗೆ ಮಾತ್ರ ಆ ಬೆರಳುಗಳಿಗೆ ಬೇರೆ ಕೆಲಸ. ಊರಿನ ಗ್ರಂಥಾಲಯದಲ್ಲಿ ಯಾರು ಬೇಕಾದರೂ ಹೆಸರು ಬರೆಸಿ ಬಳಸಬಹುದಾದ ಒಂದು ಕೋಣೆಯಿತ್ತು. ಅಲ್ಲಿ ಹೊಲಿಗೆ ಯಂತ್ರವೂ ಬೆಸುಗೆ ಕಡ್ಡಿಯೂ ಇದ್ದವು. ಕಿಟಕಿಯ ಬಳಿಯ ಮೇಜಿನಲ್ಲಿ ಕುಳಿತು ಐಲಾ ಅಂಗೈಯಗಲದ ವಿಡಿಯೊ ಆಟದ ಯಂತ್ರಗಳನ್ನು ಬಿಚ್ಚುತ್ತಿದ್ದಳು. ಅವನ್ನು ತಯಾರಿಸುವವರು ಬೀಗ ಹಾಕಿಯೇ ಮಾರುತ್ತಾರೆ. ಅವರ ಮುದ್ರೆಯಿಲ್ಲದ ಯಾವುದನ್ನೂ ಯಂತ್ರ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆದರೆ ಮನುಷ್ಯರು ಮಾಡಿದ ಬೀಗವಲ್ಲವೆ, ಎಲ್ಲೋ ಒಂದು ಬಿರುಕು ಇದ್ದೇ ಇರುತ್ತದೆ. ಅದನ್ನು ಹುಡುಕಿ ಒಳಹೊಕ್ಕು, ಯಂತ್ರಕ್ಕೆ ಹೊಸ ಕೆಲಸ ಕಲಿಸುವುದು ಅವಳ ಹುಚ್ಚು. ಕದ್ದ ಆಟ ತುಂಬಿಸಿಕೊಡು ಎಂದು ಬಂದವರಿಗೆ ಮಾತ್ರ ಒಂದು ಕಪ್ಪು ಕಾಫಿ ಕೊಟ್ಟು, ಬಾಗಿಲು ತೋರಿಸುತ್ತಿದ್ದಳು.

ಮಾರ್ಚ್ ತಿಂಗಳ ಒಂದು ಶನಿವಾರ ಹೆಲ್ವಿ ಎಂಬಾಕೆ ತನ್ನ ಗಂಡ ತೌನೊನನ್ನು ಕರೆದುಕೊಂಡು ಬಂದಳು. ತೌನೊ ಮೂವತ್ತು ವರ್ಷ ಊರ ಬಸ್ಸು ಓಡಿಸಿ ನಿವೃತ್ತನಾದವನು. ಶರತ್ಕಾಲದಲ್ಲಿ ಪಾರ್ಶ್ವವಾಯು ಬಡಿದು ಎಡಗೈ ಸತ್ತಂತಾಗಿತ್ತು; ಮಾತೂ ಬಹುಪಾಲು ನಿಂತುಹೋಗಿತ್ತು. ಅವನ ಹಳೆಯ ಆಟದ ಯಂತ್ರದೊಳಗೆ ಒಂದು ತೋಟವಿತ್ತು. ಹದಿಮೂರು ವರ್ಷದಿಂದ ಅವನು ಅದರಲ್ಲಿ ಕೋಸು ಬೆಳೆದಿದ್ದ, ಕೆರೆ ತೋಡಿದ್ದ, ಹಸುಗಳನ್ನು ಸಾಕಿದ್ದ. ತನ್ನ ಬಸ್ಸು ನಿಲ್ಲುತ್ತಿದ್ದ ನಿಲ್ದಾಣಗಳ ಹೆಸರುಗಳನ್ನೇ ಹಸುಗಳಿಗೆ ಇಟ್ಟಿದ್ದ. ದಿಕ್ಕಿನ ಗುಂಡಿ ಯಂತ್ರದ ಎಡಬದಿಯಲ್ಲಿದ್ದುದರಿಂದ ಶರತ್ಕಾಲದಿಂದ ಈಚೆಗೆ ಅವನು ತೋಟದೊಳಗೆ ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ಆ ತೋಟವೋ, ಆ ಒಂದು ಯಂತ್ರದ ಒಳಗಿನ ಕೀಲಿಗೆ ಮಾತ್ರ ತೆರೆದುಕೊಳ್ಳುವಂಥದು. ನಕಲು ಮಾಡಿಕೊಂಡು ಬೇರೆ ಯಂತ್ರಕ್ಕೆ ಹಾಕಿದರೆ ತೆರೆಯದು.

ವಾರದ ಹಿಂದೆ ಹೆಲ್ವಿ ಫೋನು ಮಾಡಿದಾಗಲೇ ಐಲಾ ಧೈರ್ಯ ಹೇಳಿದ್ದಳು. ಬಲಬದಿಯ ನಾಲ್ಕು ಗುಂಡಿಗಳೇ ದಿಕ್ಕು ತೋರಿಸುವಂತೆ ಮಾಡುವ ಪುಟ್ಟ ಕಂಪ್ಯೂಟರ್ ಕ್ರಮವಿಧಿಯೊಂದನ್ನು ವಾರವಿಡೀ ಕುಳಿತು ಬರೆದಿದ್ದಳು. ಯಂತ್ರವನ್ನು ಹಚ್ಚಿ, ಪರದೆಯ ಮೂಲೆಯಲ್ಲಿದ್ದ ಆವೃತ್ತಿಯ ಅಂಕಿಗಳನ್ನು ನೋಡಿದವಳ ಕೈ ಅಲ್ಲೇ ನಿಂತಿತು.

"ಹೆಲ್ವಿ, ಇದನ್ನ ಯಾವಾಗ ಹೊಸದು ಮಾಡಿದ್ರಿ?"

"ನಿನ್ನೆ ಮಧ್ಯಾಹ್ನ. ಹೊಸದು ಮಾಡ್ಲಾ, ಹೊಸದು ಮಾಡ್ಲಾ ಅಂತ ಮೂರು ಸಲ ಕೇಳ್ತು ಪಾಪ, ಹೂಂ ಅಂದ್ಬಿಟ್ಟೆ. ಒರೆಸಿ, ಚಾರ್ಜು ತುಂಬಿಸಿ ತಂದಿದೀನಿ ನೋಡು. ಕೊಳೆ ಯಂತ್ರ ತಂದು ನಿನ್ನ ಮುಂದೆ ಇಡೋಕಾಗುತ್ತಾ?"

ಹಲ್ಲಿನ ವೈದ್ಯರ ಬಳಿಗೆ ಹೊರಡುವ ಮುನ್ನ ಎರಡೆರಡು ಸಲ ಹಲ್ಲುಜ್ಜುವ ಜನರನ್ನು ಐಲಾ ಎಷ್ಟು ಕಂಡಿರಲಿಲ್ಲ! ಹೆಲ್ವಿ ಮಾಡಿದ್ದೂ ಅದೇ ಮರ್ಯಾದೆ. ಆ ಮರ್ಯಾದೆಯಿಂದಲೇ ಹೊಸ ಆವೃತ್ತಿ ಒಳಗೆ ಬಂದು, ಐಲಾ ನಂಬಿಕೊಂಡಿದ್ದ ಬಿರುಕು ಮುಚ್ಚಿಹೋಗಿತ್ತು. ಹಳೆಯ ಆವೃತ್ತಿಗೆ ಹಿಂದಿರುಗುವ ದಾರಿಯೂ ಇರಲಿಲ್ಲ. ಅವಳು ಹೆಲ್ವಿಯನ್ನು ಬೈಯಲಿಲ್ಲ. ಎರಡು ವಾರ ಸಮಯ ಬೇಕು ಎಂದಳು, ಅಷ್ಟೆ. ಕನ್ನಡಿಯಲ್ಲಿ ಹಿಂದಿನ ಸೀಟುಗಳನ್ನು ಗಮನಿಸುವುದೇ ಕಸುಬಾಗಿದ್ದ ತೌನೊ ಅವಳ ಮುಖವನ್ನು ಓದಿಬಿಟ್ಟಿದ್ದ.

"ತೋಟ... ಹೋಯ್ತಾ?" ಎಂದು ಕೇಳಿದ. ಅಷ್ಟಕ್ಕೇ ಅವನ ಹಣೆ ಬೆವರಿತು.

"ಇಲ್ಲ ತೌನೊ. ತೋಟ ಅಲ್ಲೇ ಇದೆ. ನಿಮ್ಮನ್ನ ಒಳಗೆ ಕಳಿಸೋದು ಹೇಗೆ ಅಂತ ನೋಡ್ಬೇಕು."

ಇನ್ನೊಂದು ದಾರಿ ಇತ್ತು. ಯಂತ್ರ ಎಚ್ಚರಗೊಳ್ಳುವ ಕ್ಷಣದಲ್ಲಿ ಅದರ ವಿದ್ಯುತ್ತನ್ನು ಕಣ್ಣೆವೆ ಬಡಿಯುವುದಕ್ಕಿಂತ ಬೇಗ ಒಮ್ಮೆ ತಗ್ಗಿಸಿದರೆ, ಗಲಿಬಿಲಿಯಲ್ಲಿ ಅದು ಮುದ್ರೆ ನೋಡುವುದನ್ನೇ ಮರೆಯುತ್ತದೆ. ಆ ಊರಿನಲ್ಲಿ ಯಾರೂ ಅದನ್ನು ಮಾಡಿರಲಿಲ್ಲ. ಮಾಡಿ ತೋರಿಸಬೇಕೆಂಬ ಆಸೆ ಐಲಾಳಿಗೆ ಬಹಳ ದಿನದಿಂದ ಇತ್ತು ಎಂಬುದನ್ನೂ ಮುಚ್ಚಿಡಬೇಕಾಗಿಲ್ಲ. ಹಳೆಯ ಸಾಮಾನಿನ ಸಂತೆಯಿಂದ ಅಂಥದೇ ಯಂತ್ರವೊಂದನ್ನು ತಂದು ಅದರ ಮೇಲೆ ಪ್ರಯೋಗ ಮಾಡಿದಳು. ಒಂಬತ್ತನೆಯ ಸಲ ಬೀಗ ತೆರೆಯಿತು. ಐಲಾ ಕುರ್ಚಿಯಿಂದ ಎದ್ದು ನಿಂತಳು. ಇನ್ನೊಮ್ಮೆ ನೋಡೋಣವೆಂದು ಮಾಡಿದ ಹತ್ತನೆಯ ಸಲ ಅದು ಕಪ್ಪಾಗಿ ಹೋಯಿತು; ಮತ್ತೆ ಏಳಲಿಲ್ಲ.

ಅವಳು ಸತ್ತ ಯಂತ್ರವನ್ನು ಬಿಚ್ಚಿದಳು. ತೌನೊನ ತೋಟವೂ ಹೀಗೇ ಕಪ್ಪಾಗಿದ್ದರೆ? ಸುಮ್ಮನೆ ದಿಕ್ಕಿನ ಗುಂಡಿಯ ರಬ್ಬರನ್ನು ಎತ್ತಿ ನೋಡಿದಳು. ಕೆಳಗೆ ಪುಟ್ಟ ಲೋಹದ ಬೊಟ್ಟುಗಳು. ಬೆರಳು ಒತ್ತಿದರೆ ಎರಡು ಬೊಟ್ಟು ಸೇರುತ್ತವೆ, ಅಷ್ಟೇ. ಒತ್ತಿದ್ದು ಯಾವ ಬೆರಳು, ಎಲ್ಲಿಂದ ಒತ್ತಿತು ಎಂದು ಯಂತ್ರ ಕೇಳುವುದೇ ಇಲ್ಲ. ಬೀಗವಿದ್ದುದು ಕ್ರಮವಿಧಿಗಳಿಗೆ, ಗುಂಡಿಗಳಿಗೆ ಯಾರೂ ಬೀಗ ಹಾಕಿರಲಿಲ್ಲ. ಇಪ್ಪತ್ತು ವರ್ಷದಿಂದ ಬೀಗಗಳನ್ನೇ ನೋಡಿದ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ.

ಮುಂದಿನ ಶನಿವಾರ ತೌನೊ ಬಂದಾಗ ಐಲಾ ಬಟ್ಟಲಿನಲ್ಲಿ ಹಲ್ಲಿನ ಅಚ್ಚು ತೆಗೆಯುವ ಹಿಟ್ಟನ್ನು ಕಲಸಿಟ್ಟಿದ್ದಳು. ಅವನ ಬಲಗೈಯನ್ನು ಅದರಲ್ಲಿ ಇರಿಸಿದಳು.

"ಕೈಗೂ ಹಲ್ಲು ಕಟ್ತೀಯೇನು?" ಎಂದಳು ಹೆಲ್ವಿ.

"ಅಗಿಯೋ ಹಾಗಿದ್ರೆ ಹೇಳಿ, ಎರಡು ದವಡೆಹಲ್ಲು ಸೇರಿಸ್ತೀನಿ."

ತೌನೊ ನಕ್ಕ. ಅವನು ನಗುವುದನ್ನು ಐಲಾ ಅಂದೇ ಮೊದಲು ಕಂಡಳು.

ವಾರದೊಳಗೆ ಆ ಅಚ್ಚಿನಿಂದ ತೌನೊನ ಬಲಗೈಗೆ ಹೊಂದುವ ಗುಂಡಿಗಳ ಹಿಡಿಕೆ ಸಿದ್ಧವಾಯಿತು. ಕೃತಕ ವಸಡಿಗೆ ಬಳಸುವ ಗುಲಾಬಿ ಬಣ್ಣದ ಪ್ಲಾಸ್ಟಿಕ್ಕೇ ಅವಳ ಕೈಯಲ್ಲಿದ್ದುದರಿಂದ ಅದೂ ವಸಡಿನ ಬಣ್ಣದ್ದೇ ಆಯಿತು. ಹೆಬ್ಬೆರಳ ಕೆಳಗೆ ದಿಕ್ಕಿನ ಗುಂಡಿ, ಉಳಿದ ಬೆರಳುಗಳ ಕೆಳಗೆ ಮಿಕ್ಕ ಗುಂಡಿಗಳು. ತೌನೊನ ಯಂತ್ರದ ಬ್ಯಾಟರಿಯನ್ನು ತೆಗೆದಿಟ್ಟು, ಉಸಿರು ಬಿಗಿಹಿಡಿದು, ಬೊಟ್ಟಿಗೊಂದರಂತೆ ಹಿಡಿಕೆಯಿಂದ ಬಂದ ಸಣ್ಣ ತಂತಿಗಳನ್ನು ಐಲಾ ಬೆಸೆದಳು. ಒಂದು ಅಕ್ಷರವನ್ನೂ ಒಳಗೆ ಬರೆಯಲಿಲ್ಲ. ವಾರವಿಡೀ ಬರೆದ ಕ್ರಮವಿಧಿ ಅವಳ ಚೀಲದಲ್ಲೇ ಉಳಿಯಿತು.

ಗ್ರಂಥಾಲಯದ ಕಿಟಕಿಯ ಬಳಿ ತೌನೊ ಯಂತ್ರ ಹಚ್ಚಿದ. ತೋಟ ಕಾಣಿಸಿಕೊಂಡಿತು, ಆಳೆತ್ತರ ಕಳೆ ಬೆಳೆದಿತ್ತು. ಕಳೆ ಕಂಡೊಡನೆ ಅವನ ಹೆಬ್ಬೆರಳು ತಾನಾಗಿ ಚಲಿಸಿತು. ಮುಗ್ಗರಿಸಿದ, ಬೇಲಿಗೆ ಹಾಯ್ದ, ಹಿಂದೆ ಬಂದ, ಕೊನೆಗೆ ಕೊಟ್ಟಿಗೆಯನ್ನು ತಲುಪಿದ. ಹಸುಗಳು ಒಂದೊಂದಾಗಿ ಹೊರಬಂದವು.

"ತುಯಿರಾ," ಎಂದ ತೌನೊ ತಡವರಿಸುತ್ತ. ಸ್ವಲ್ಪ ತಡೆದು, "ತೊಪ್ಪಿಲಾ," ಎಂದ. ಮೂವತ್ತು ವರ್ಷ ಕೂಗಿ ಹೇಳಿದ ಹೆಸರುಗಳು ಅದೇ ಸಾಲಿನಲ್ಲಿ ಒಂದರ ಹಿಂದೊಂದು ಬಂದವು.

ಹೆಲ್ವಿ ಅವನ ಹಿಂದಿನ ಕುರ್ಚಿಯಲ್ಲಿ ಕುಳಿತಿದ್ದಳು. ಕೈಚೀಲವನ್ನು ಮಡಿಲಿಗೆ ಎಳೆದುಕೊಂಡು, ಟೋಪಿ ಸರಿಮಾಡಿಕೊಂಡಳು.

"ನಿಧಾನವಾಗಿ ಓಡ್ಸು," ಎಂದಳು. "ನಾನು ಕೊನೇ ನಿಲ್ದಾಣದಲ್ಲಿ ಇಳಿಯೋಳು."