ಬೇಲಿವರೆಗೆ ಬಂದ ಮಳೆ

ಆ ಬೇಸಿಗೆಯಲ್ಲಿ ಕೆಳಗಿನ ಊರುಗಳ ಕುಡಿಯುವ ನೀರಿಗೇ ಹಳ್ಳ ಸಾಲುತ್ತಿರಲಿಲ್ಲ. ತೋಟಕ್ಕೆ ಯಾರೂ ಪಂಪ್ ಹಚ್ಚಬಾರದೆಂದು ನಮ್ಮ ನೀರಿನ ಕಚೇರಿ ಆದೇಶ ಹೊರಡಿಸಿತ್ತು. ಅದು ಪಾಲನೆಯಾಗುತ್ತಿದೆಯೇ ಎಂದು ನೋಡಿಬರಲು ಹೊಂಗಡಹಳ್ಳದ ಕಡೆ ಹೋಗಿದ್ದೆ.

“ಪಂಪ್ ಮುಟ್ಟೇ ಇಲ್ಲ ಕಣ್ರೀ ಮೇಡಂ,” ಎಂದರು ಅಲ್ಲಿನ ಒಂದು ಕಾಫಿ ಎಸ್ಟೇಟಿನ ಯಜಮಾನರು. ಅವರ ಬೆನ್ನ ಹಿಂದೆ ಇಡೀ ತೋಟ ಬೆಳ್ಳಗೆ ಹೂಬಿಟ್ಟು ಘಮ್ಮೆನ್ನುತ್ತಿತ್ತು. ನೀರು ಬೀಳದೆ ಕಾಫಿ ಅರಳುವುದಿಲ್ಲ ಅನ್ನೋದು ಈ ಕಡೆ ಯಾರಿಗೆ ಗೊತ್ತಿಲ್ಲ?

“ಮತ್ತೆ ಈ ಹೂವು?”

“ಒಂದು ಮಳೆ ಬಂತಲ್ಲ.”

“ಪಕ್ಕದ ತೋಟದಲ್ಲಿ ಒಂದು ಹೂವೂ ಇಲ್ವಲ್ಲ?”

“ನಮ್ ಬೇಲಿ ತನಕ ಬಂದು ನಿಂತ್‌ಬುಡ್ತು.”

ಪಂಪಿಗೆ ಸೀಲ್ ಹಾಕಿಸಿ, ಭಾರೀ ಗತ್ತಿನಲ್ಲಿ ಕಚೇರಿಗೆ ವಾಪಸ್ ಬಂದೆ. ಗೇಟಿನ ಪಕ್ಕ ನಮ್ಮ ಸಾಹೇಬರು ಅಂದಕ್ಕೆಂದು ನೆಡಿಸಿದ್ದ ಕಾಫಿ ಗಿಡಗಳೂ ಬೆಳ್ಳಗೆ ಅರಳಿ ನಿಂತಿದ್ದವು. ಯಜಮಾನರ ಮಳೆ ನಮ್ಮ ಕಾಂಪೌಂಡಿನೊಳಗೂ ಸುರಿದಿತ್ತು ಅಂತ ಕಾಣುತ್ತೆ.